ಎಣಿಕೆ ಅಂಧೇರಿಯಲ್ಲಿ, ಮತ ಬೈಂದೂರಿನಲ್ಲಿ: ಇದು ಯಾವ ಲೆಕ್ಕ?

ಡೊಂಬಿವಲಿವಾಸಿ:
ಗಿರಗಾಂವಿನ ಚಾಳಿನಲ್ಲಿ, ಅಂದರೆ ಸಾಲುಕೋಣೆಗಳ ವಠಾರದಲ್ಲಿ, ಇಪ್ಪತ್ತೆರಡು ವರ್ಷ ಇದ್ದು, 2003ರಲ್ಲಿ ಡೊಂಬಿವಲಿಗೆ ಬಂದವನು ನಾನು. ಮೊನ್ನೆ ಹಳೆಯ ಚಾಳಿಗೆ ಹೋಗಿದ್ದೆ. ನಮ್ಮ ಮಾಳಿಗೆಯ ಒಂಬತ್ತು ಬಾಗಿಲುಗಳಲ್ಲಿ ಆರಕ್ಕೆ ಬೀಗ. ಜನಗಣತಿಯೂ ಅದನ್ನೇ ಹೇಳುತ್ತದೆ: ಗಿರಗಾಂವ್ ಇರುವ ಮುಂಬಯಿ ನಗರ ಜಿಲ್ಲೆಯಲ್ಲಿ 2001ರಲ್ಲಿ 33.38 ಲಕ್ಷ ಜನರಿದ್ದರು, 2011ರಲ್ಲಿ 30.85 ಲಕ್ಷ. ಅಷ್ಟರಲ್ಲಿ ನಮ್ಮ ಠಾಣೆ ಜಿಲ್ಲೆ 81 ಲಕ್ಷದಿಂದ 1 ಕೋಟಿ 10 ಲಕ್ಷಕ್ಕೆ ಏರಿತ್ತು. ಬೆಳಗಿನ ಲೋಕಲ್‌ನಲ್ಲಿ ನಿಂತವರಿಗೆ ಈ ಅಂಕಿ ಬೇಕಾಗಿಯೇ ಇಲ್ಲ!

ಪ್ರಶ್ನೆ ಇದು. ನನ್ನ ತಮ್ಮನ ಮಗ ಅಂಧೇರಿಯ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಾನೆ, ಅದರ ಅಟ್ಟದಲ್ಲೇ ಮಲಗುತ್ತಾನೆ. ಮತದಾರರ ಚೀಟಿ ಮಾತ್ರ ಬೈಂದೂರಿನದು. ಶಾಸಕರ ಸ್ಥಾನ ಹಂಚುವಾಗ ಅವನು ಯಾವ ಊರಿನವನು?

ಮಾಟುಂಗಾ ಮಾಸ್ತರ:
ಅಂಧೇರಿಯವನು. ಜನಗಣತಿ ಅವನನ್ನು ವಾಸವಿರುವಲ್ಲೇ ಎಣಿಸುತ್ತದೆ. ಸ್ಥಾನ ಹಂಚುವುದು ಜನಸಂಖ್ಯೆಯ ಮೇಲೆ, ಮತದಾರರ ಪಟ್ಟಿಯ ಮೇಲಲ್ಲ. ತೊಟ್ಟಿಲ ಕೂಸಿಗೂ ಅಲ್ಲಿ ಒಂದು ತೂಕ. 2001ರ ಅಂಕಿ ಹಿಡಿದು ಮಾಡಿದ ಕ್ಷೇತ್ರ ಪುನರ್ವಿಂಗಡಣೆ 2008ರಲ್ಲಿ ಜಾರಿಗೆ ಬಂದಾಗ, ನಗರ ಜಿಲ್ಲೆಯ 17 ಕ್ಷೇತ್ರಗಳು 10ಕ್ಕೆ ಇಳಿದವು, ಅಂಧೇರಿ ಇರುವ ಉಪನಗರ ಜಿಲ್ಲೆಯ 17 ಹೋಗಿ 26 ಆದವು, ಪಾಲ್ಘರ್ ಬೇರೆಯಾಗುವ ಮುಂಚಿನ ಅಖಂಡ ಠಾಣೆ 13ರಿಂದ 24ಕ್ಕೆ ಜಿಗಿಯಿತು. ರಾಜ್ಯದ ಒಟ್ಟು 288 ಮಾತ್ರ ಕದಲಲಿಲ್ಲ. ಒಬ್ಬರ ಎಲೆಗೆ ಬಡಿಸಿದ್ದು ಇನ್ನೊಬ್ಬರ ಎಲೆಯಿಂದ ತೆಗೆದೇ.

ಕರಾವಳಿ ಕಾಕಾ:
ಅಂದರೆ ಹುಡುಗ ದುಡಿಯುವುದೂ ಮುಂಬಯಿಗೆ, ತೂಗುವುದೂ ಮುಂಬಯಿಗೆ! ಲೋಕಸಭೆಯಲ್ಲಿ ರಾಜ್ಯಗಳ ಪಾಲು ಇನ್ನೂ 1971ರ ಜನಗಣತಿಗೇ ಕಟ್ಟಿಬಿದ್ದಿದೆ. ಮಹಾರಾಷ್ಟ್ರಕ್ಕೆ 48, ಕರ್ನಾಟಕಕ್ಕೆ 28. 1976ರಲ್ಲಿ ಹಾಕಿದ ಆ ಗಂಟನ್ನು ಸಂವಿಧಾನದ 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಬಿಗಿಯಿತು. ಅದು ಬಿಚ್ಚಿದ ದಿನ ಅಟ್ಟದ ಮೇಲೆ ಮಲಗಿದವರ ಲೆಕ್ಕ ಸಣ್ಣದಾಗಿರುವುದಿಲ್ಲ. ನೀವು ಆರು ಬೀಗ ಎಣಿಸಿದಿರಿ. ನಮ್ಮ ಕಡೆಯ ಬೀಗಗಳನ್ನು ಎಣಿಸುವವರು ಯಾರು?

ವಾಶಿಯ ವಕೀಲೆ:
ನಿಮ್ಮ ತಮ್ಮನ ಮಗ ಹೆಸರನ್ನು ಅಂಧೇರಿಗೆ ವರ್ಗಾಯಿಸಬಹುದು, ನಮೂನೆ 8 ಅದಕ್ಕೇ ಇದೆ. ಎರಡೂ ಕಡೆ ಹೆಸರಿಡುವ ಜಾಣತನ ಬೇಡ, 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. ಊರಿನಲ್ಲಿ ಮನೆ ಇದೆ ಎಂಬುದೊಂದೇ ಕಾರಣಕ್ಕೆ ಅಲ್ಲಿನ ಸಾಮಾನ್ಯ ನಿವಾಸಿ ಆಗುವುದಿಲ್ಲ ಎಂದೂ ಅದರ 20ನೇ ಕಲಮಿನಲ್ಲಿದೆ.

ಡೊಂಬಿವಲಿವಾಸಿ:
ವಕೀಲರ ಮಾತನ್ನು ಹುಡುಗನಿಗೆ ಹೇಳಿದೆ. ಕಾವಲಿಗೆ ನೀರು ಚಿಮುಕಿಸುತ್ತಲೇ ಕೇಳಿಸಿಕೊಂಡ. “ದೊಡ್ಡಪ್ಪ, ಅಜ್ಜಿ ಸತ್ತಾಗ ಯಜಮಾನರು ಎರಡು ದಿನ ರಜೆ ಕೊಟ್ಟರು. ಚುನಾವಣೆಗೆ ನಾಲ್ಕು ದಿನ ಕೊಡುತ್ತಾರೆ. ಹೆಸರು ಇಲ್ಲಿಗೆ ಬಂದರೆ ಅಮ್ಮನನ್ನು ನೋಡುವುದು ಯಾವಾಗ?” ಎಂದ. ನಮೂನೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಅವನು ಕೊಟ್ಟ ದೋಸೆ ತಿಂದು ಬಂದೆ.