ರೆಡಿ ಮಾಡಿದ ಹಳೇ ವಿಲ್ಲಿಸ್ ಪಿಕಪ್ ತಗೋಬಹುದಾ? ಅನುಭವ ಇರೋರು ಹೇಳಿ

ಕೇಳಿದವರು, ವಿಜಯನಗರ, ಮೈಸೂರು

ಹೆಬ್ಬಾಳದ ಕಡೆ ಒಂದು ಶೆಡ್‌ನಲ್ಲಿ 1958ರ ವಿಲ್ಲಿಸ್ ಪಿಕಪ್ (ಹಳೇ ಜೀಪ್ ಕಂಪನಿಯ, ಹಿಂದೆ ತೊಟ್ಟಿ ಇರೋ ಗಾಡಿ) ಮಾರಾಟಕ್ಕಿದೆ. ಮೊದಲು ಕೊಡಗಿನ ಕಾಫಿ ತೋಟದಲ್ಲಿತ್ತಂತೆ. ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಿದ್ದಾರೆ. ಕಡುಹಸಿರು ಬಣ್ಣ, ಹಿಂದೆ ತೊಟ್ಟಿಗೆ ಮರದ ಹಲಗೆ, ಒಳಗೆ ಮಹೀಂದ್ರಾ ಡೀಸೆಲ್ ಎಂಜಿನ್, ಐದು ಗೇರು, ಪವರ್ ಸ್ಟೀರಿಂಗ್, ಮುಂದೆ ಡಿಸ್ಕ್ ಬ್ರೇಕು, ಎಸಿ. ಹನ್ನೊಂದೂವರೆ ಲಕ್ಷ ಹೇಳ್ತಿದ್ದಾರೆ. ಅಪ್ಪ ಚಿಕ್ಕವರಿದ್ದಾಗ ಇಂಥದ್ದರ ತೊಟ್ಟೀಲಿ ಕೂತು ಸಂತೆಗೆ ಹೋಗ್ತಿದ್ದರಂತೆ, ಫೋಟೋ ತೋರಿಸಿದ್ದೇ ತಡ ಬೆನ್ನು ಬಿದ್ದಿದ್ದಾರೆ. ಮದ್ದೂರಿನ ಹತ್ತಿರ ನಮ್ಮ ತೋಟ ಇದೆ, ವಾರಕ್ಕೊಂದ್ಸಲ ಹೋಗಿಬರೋಕೆ, ಒಮ್ಮೊಮ್ಮೆ ಎಳನೀರು ಮಾರ್ಕೆಟ್ಟಿಗೆ ಹಾಕೋಕೆ ಆಗತ್ತೆ ಅಂತ ಲೆಕ್ಕ. ಏನೇನು ನೋಡಬೇಕು?

ಸರಸ್ವತಿಪುರಂನಿಂದ

ಗಾಡಿ ಆಮೇಲೆ ನೋಡಿ, ಮೊದಲು ಆರ್‌ಸಿ ತೆಗೆಸಿ ನೋಡಿ. ನಾನು ಇದೇ ಥರದ ಒಂದು ಹಳೇ ಜೀಪ್ ತಗೊಂಡು ಎರಡು ವರ್ಷ ಆರ್‌ಟಿಓ ಬಾಗಿಲು ಕಾದಿದ್ದೀನಿ.

1958ರ ನಾಲ್ಕು ಸಿಲಿಂಡರಿನ ವಿಲ್ಲಿಸ್ ಅಂದರೆ ಅದಕ್ಕೆ 2.2 ಲೀಟರ್ ಪೆಟ್ರೋಲ್ ಎಂಜಿನ್. ಈಗ ಒಳಗಿರೋದು ಡೀಸೆಲ್. ಆರ್‌ಸಿಯಲ್ಲಿ ಇಂಧನದ ಮುಂದೆ ಏನಿದೆ? ಎಂಜಿನ್ ನಂಬರ್ ಯಾವುದು? ಬದಲಾಯಿಸೋಕೆ ಮುಂಚೆ ಅನುಮತಿ ತಗೊಂಡು ಆರ್‌ಸಿಯಲ್ಲಿ ಹತ್ತಿಸಿದ್ದರೆ ಸರಿ. ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೆಳಗೆ ಬರತ್ತೆ. 2019ರ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡ ಹೋಗಲಿ, ಕಟ್ಟಿಬಿಡಬಹುದು. ಅಪಘಾತ ಆದಾಗ ಇನ್ಶೂರೆನ್ಸಿನವರು ಎಂಜಿನ್ ನಂಬರ್ ಹೊಂದಲ್ಲ ಅಂತ ಕೈ ಎತ್ತಿದರೆ ಆವಾಗ ಏನು ಮಾಡ್ತೀರಿ?

ಮಾರೋರು "ವಿಂಟೇಜ್ ನಂಬರ್ ಮಾಡಿಸಿಕೊಳ್ಳಿ ಸಾರ್" ಅಂತ ಹೇಳೇ ಹೇಳ್ತಾರೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆ ನಿಯಮ ತಂದದ್ದು ನಿಜ. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ನಂಬರಿನ ನಡುವೆ ವಿಎ ಅಂತ ಬರತ್ತೆ, ಫೀ 20,000, ಹತ್ತು ವರ್ಷ ನಡೆಯತ್ತೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು ಅಂತಾನೂ ಅದರಲ್ಲೇ ಬರೆದಿದೆ. ಅಷ್ಟೇ ಅಲ್ಲ, ವಿಎ ನಂಬರಿನ ಗಾಡಿಯನ್ನ ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಅಂತ ಮಾತ್ರ ರಸ್ತೆಗೆ ತರಬಹುದು. ಎಳನೀರು ಹೇರಿಕೊಂಡು ಹೋಗೋ ಹಾಗಿಲ್ಲ. ಅಂದರೆ ಅವರು ಯಾವುದನ್ನ ಹೆಚ್ಚುಗಾರಿಕೆ ಅಂತ ಹೇಳಿ ಮಾರ್ತಿದ್ದಾರೋ ಅದೇ ಆ ದಾರಿ ಮುಚ್ಚಿದೆ.

ಆರ್‌ಸಿ ಹಳೇ ಪುಸ್ತಕದ ರೂಪದಲ್ಲಿದ್ದರೆ ಸರ್ಕಾರದ ನೋಂದಣಿ ಲೆಕ್ಕ ಇಡೋ ವಾಹನ್ ಕಂಪ್ಯೂಟರಿನಲ್ಲಿ ಎಂಟ್ರಿ ಆಗಿದೆಯಾ ಕೇಳಿ. ಆಗಿರದಿದ್ದರೆ ಅದನ್ನ ಮಾಡಿಸೋದು ಮಾರೋರ ಕೆಲಸ, ನಿಮ್ಮದಲ್ಲ. ಐದೈದು ವರ್ಷಕ್ಕೆ ಆಗಬೇಕಾದ ನವೀಕರಣ ಎಲ್ಲಿಯವರೆಗೆ ಆಗಿದೆ ಅಂತಾನೂ ನೋಡಿ. 2025ರಿಂದ 20 ವರ್ಷ ದಾಟಿದ ಕಾರು ಜೀಪಿಗೆ ನವೀಕರಣದ ಫೀಸೇ 10,000.

ಪಾಂಡವಪುರದಿಂದ

ಕಾಗ್ದ ಎಲ್ಲಾ ಅವ್ರು ಹೇಳವ್ರೆ, ನಾನು ಬ್ರೇಕ್ ವಿಚಾರ ಒಂದೇ ಹೇಳ್ತೀನಿ ಕಣಣ್ಣ.

ನಮ್ಮಪ್ಪನ್ ಕಾಲ್ದ ಜೀಪು. ಮೇಲುಕೋಟೆ ವೈರಮುಡಿ ಮುಗುಸ್ಕೊಂಡು ಬೆಟ್ಟ ಇಳೀತಿದ್ದೆ, ಹಿಂದ್ಗಡೆ ನಮ್ಮತ್ತೆ, ಎರಡು ಐಕ್ಳು. ಮೊದಲ್ನೇ ತಿರುವಲ್ಲಿ ಪೆಡ್ಲು ಒತ್ತುದ್ರೆ ಗಟ್ಟಿ ಇತ್ತು. ಎರಡ್ನೇ ತಿರುವಲ್ಲಿ ಒತ್ತುದ್ರೆ ಬೆಣ್ಣೆ ಒಳಕ್ಕೆ ಕಾಲಿಟ್ಟಂಗೆ ಸೀದಾ ತಳಕ್ಕೆ ಹೊಂಟೋಯ್ತು. ಹಿಂದ್ಗಡೆ ಎಡಗಾಲಿ ವೀಲ್ ಸಿಲಿಂಡರ್ ಒಂದು ಸೋರಿತ್ತು, ಅಷ್ಟೇಯ. ಹಳೇ ವಿಲ್ಲಿಸ್‌ನಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಲೈನು, ಒಂದು ಕಡೆ ಆಯ್ಲು ಹೋದ್ರೆ ನಾಲ್ಕೂ ಕಡೆ ಹೋದಂಗೆ. ಗೇರು ಇಳುಸ್ದೆ, ಗಾಡಿ ಕಿರುಚ್ಕತು, ಆಮೇಲೆ ಬಂಡೆ ಪಕ್ಕದ್ ಮಣ್ಣಿಗೆ ಬುಟ್ಟು ನಿಲ್ಲುಸ್ದೆ. ಅತ್ತೆ ಇಳುದು ಚೆಲುವರಾಯನ್‌ಗೆ ಕೈ ಮುಗುದ್ರು, ನನ್ ಮಕ ನೋಡ್ನಿಲ್ಲ.

ಅದ್ಕೇ ಮುಂದೆ ಡಿಸ್ಕು ಹಾಕವ್ರೆ ಅಂತ ಕುಸಿ ಆಗ್ಬೇಡಿ. ಬಾನೆಟ್ ಎತ್ತಿ ಬ್ರೇಕ್ ಆಯ್ಲು ತಳ್ಳೋ ಮಾಸ್ಟರ್ ಸಿಲಿಂಡರ್ ನೋಡಿ, ಮುಂದಕ್ಕೊಂದು ಹಿಂದಕ್ಕೊಂದು ಬ್ಯಾರೆ ಪೈಪು ಹೋಗದಾ? ಇಲ್ದಿದ್ರೆ ಬರೀ ಶೋಕಿ ಡಿಸ್ಕು ಅದು. ಇನ್ನೊಂದು, ಈ ಗಾಡಿ ಹ್ಯಾಂಡ್‌ಬ್ರೇಕು ಚಕ್ರ ಹಿಡಿಯಲ್ಲ, ಹಿಂದಿನ್ ಶಾಫ್ಟ್ ಹಿಡಿಯದು. ಓಡ್ತಿರೋವಾಗ ಎಳೀಬ್ಯಾಡಿ, ಜಾಯಿಂಟ್ ಕಿತ್ಕಂಡು ಬತ್ತದೆ.

ಉದಯಗಿರಿಯಿಂದ, ಗ್ಯಾರೇಜ್ ಕೆಲಸದವನು

ಸಾರ್, ಪೇಂಟ್ ಹೊಳಪು ನೋಡಿ ಮರುಳಾಗಬೇಡಿ. ಫ್ರಿಜ್ಜಿಗೆ ಅಂಟಿಸೋ ಆಯಸ್ಕಾಂತ ಒಂದು ತಗೊಂಡು, ಗೀರು ಬೀಳದ ಹಾಗೆ ತೆಳು ಬಟ್ಟೆ ಸುತ್ತಿ, ಬಾಗಿಲ ಕೆಳ ಅಂಚು, ಮಡ್‌ಗಾರ್ಡ್ ಹಿಂಭಾಗ, ತೊಟ್ಟಿಯ ಮೂಲೆ ಎಲ್ಲಾ ಕಡೆ ಇಟ್ಟು ನೋಡಿ. ಹಿಡಿದರೆ ತಗಡು, ಜಾರಿ ಬಿದ್ದರೆ ಪುಟ್ಟಿ. ಕೊಡಗಿನ ಮಳೇಲಿ ನಿಂತಿದ್ದ ಗಾಡಿ, ಪುಟ್ಟಿ ಇಲ್ಲದೇ ಇರಲ್ಲ. ಎಷ್ಟಿದೆ ಅನ್ನೋದೇ ಪ್ರಶ್ನೆ. ನಾನೇ ಒಂದು ಗಾಡಿ ಬಾಗಿಲಲ್ಲಿ ಹೆಬ್ಬೆರಳು ದಪ್ಪ ಪುಟ್ಟಿ ಕೆರೆದು ತೆಗೆದಿದ್ದೀನಿ.

ಆಮೇಲೆ ಗಾಡಿ ಕೆಳಗೆ ಮಲಗಲೇಬೇಕು. ಎಂಜಿನ್ ಫೌಂಡೇಶನ್ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ್ದಾರಾ, ಹಾಗೇ ವೆಲ್ಡಿಂಗ್ ಹೊಡೆದಿದ್ದಾರಾ? ಚಾಸಿ ನಂಬರ್ ಇರೋ ಜಾಗದ ಸುತ್ತ ಗ್ರೈಂಡರ್ ಗುರುತು ಕಂಡರೆ ಮಾತಾಡದೇ ಎದ್ದು ಬನ್ನಿ.

ಇನ್ನೊಂದು ಯಾರೂ ನೋಡಲ್ಲ. ಎಂಜಿನ್ ಬದಲಾಯಿಸಿರ್ತಾರೆ, ಹೌಸಿಂಗ್ (ಚಕ್ರಗಳ ನಡುವೆ ಗೇರು ಕೂತಿರೋ ಆಕ್ಸಲ್) ಹಳೇದೇ ಬಿಟ್ಟಿರ್ತಾರೆ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರ ಮಾತ್ರ ಜಾಕಿಯಲ್ಲಿ ಎತ್ತಿ. ಶಾಫ್ಟ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎತ್ತಿದ ಚಕ್ರಾನ ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಐದೂಕಾಲಿಗಿಂತ ಚೂರು ಜಾಸ್ತಿ ಸುತ್ತಿದರೆ ಅದು ಹಳೇ 5.38 ಕ್ರೌನ್-ಪಿನಿಯನ್, ಅಂದರೆ ಶಾಫ್ಟಿನ ತಿರುಗಾಟ ಚಕ್ರಕ್ಕೆ ದಾಟಿಸೋ ಗೇರು ಜೋಡಿ. ಗುಡ್ಡ ಹತ್ತೋಕೆ ಅದು ರಾಜ. ಆದರೆ ನಾಲ್ಕನೇ ಗೇರಲ್ಲಿ 80ರಲ್ಲಿ ಹೋದರೆ ಎಂಜಿನ್ ಹತ್ತಿರ ಹತ್ತಿರ 3,000 ಸುತ್ತು ತಿರುಗ್ತಿರತ್ತೆ. ಡೀಸೆಲ್ ಎಂಜಿನ್ನಿಗೆ ಅದು ಅರಚಾಟವೇ. ಐದನೇ ಗೇರು ಸ್ವಲ್ಪ ಇಳಿಸತ್ತೆ, ಪೂರ್ತಿ ಅಲ್ಲ. ಮದ್ದೂರಿಗೆ ಹೋಗೋಕೆ ಎಕ್ಸ್‌ಪ್ರೆಸ್‌ವೇ ಮರೆತುಬಿಡಿ, ಸರ್ವೀಸ್ ರಸ್ತೆಯೇ ಗತಿ.

ಎಸಿ ಹಾಕಿ ಒಂದು ಗಂಟೆ ಊರೊಳಗೆ ಓಡಿಸಿ. ರೇಡಿಯೇಟರ್ ಹಳೇದಾದರೆ ಅರಮನೆ ಸುತ್ತೋ ಅಷ್ಟರಲ್ಲಿ ಮುಳ್ಳು ಕೆಂಪಿಗೆ ಬಂದಿರತ್ತೆ.

ಜಯಲಕ್ಷ್ಮೀಪುರಂನಿಂದ

ನನ್ನ ಮಾತು ಕಹಿ ಅನ್ನಿಸಬಹುದು. ವಿಲ್ಲಿಸ್‌ಗೆ ಎಸಿ, ಪವರ್ ಸ್ಟೀರಿಂಗು ಹಾಕಿದ ಮೇಲೆ ಅದು ವಿಲ್ಲಿಸ್ ಮುಖವಾಡದ ಬೊಲೆರೊ. ಆ ದುಡ್ಡಿಗೆ ಒಳ್ಳೇ ಬೊಲೆರೊ ಪಿಕಪ್ಪೇ ಸಿಗತ್ತೆ, ಎಳನೀರೂ ಹೇರಬಹುದು. ಹಳೇದು ಬೇಕಾದರೆ ಹಳೇದರ ಥರಾನೇ ಇರೋದು ತಗೊಳ್ಳಿ. ಆ ಪೆಟ್ರೋಲ್ ಎಂಜಿನ್ನನ್ನೇ ಮಹೀಂದ್ರಾದವರು ಎಷ್ಟೋ ವರ್ಷ ಜೀಪಿಗೆ ಹಾಕಿದ್ದರಿಂದ ಸಾಮಾನಿಗೆ ಇವತ್ತಿಗೂ ಪರದಾಟವಿಲ್ಲ. ಒಂದ್ಸಲ ಅಪ್ಪನ್ನ ಶ್ರೀರಂಗಪಟ್ಟಣದ ಹತ್ತಿರ ಇರೋ ಪಯಣ ಮ್ಯೂಸಿಯಂಗೆ ಕರಕೊಂಡು ಹೋಗಿ, ಹಳೇ ಗಾಡಿ ಅಂದರೆ ಹೇಗಿರತ್ತೆ ಅಂತ ನೋಡಲಿ.

ಪಾಂಡವಪುರದಿಂದ

ಆ ಸ್ಟೀರಿಂಗ್ ಒಂದ್ಸಲ ತಿರುಗ್ಸಿ ನೋಡಿ ಸಾ, ಆಮೇಲೆ ಪವರ್ ಬ್ಯಾಡ ಅನ್ನಿ. ಅವ್ರಪ್ಪಂಗೆ ವಯಸ್ಸಾಗದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹೋಗಿದ್ದೆ, ಅಪ್ಪನೂ ಬಂದಿದ್ದರು. ಆಯಸ್ಕಾಂತ ಎಡ ಬಾಗಿಲ ಕೆಳಗೆ ಎರಡು ಕಡೆ ಜಾರಿತು, ಉಳಿದ ಕಡೆ ಹಿಡಿಯಿತು. ಬ್ರೇಕಿಗೆ ಬೇರೆ ಬೇರೆ ಪೈಪೇ ಇದೆ. ಶಾಫ್ಟ್ ಎಣಿಸಿದೆ, 5.38ಏ. ಆರ್‌ಸಿಯಲ್ಲಿ ಪೆಟ್ರೋಲ್, ಹಳೇ ಎಂಜಿನ್ ನಂಬರ್. ಕೇಳಿದರೆ "ಎಲ್ಲಾ ಮಾಡಿಸ್ಕೊಡೋಣ ಬಿಡಿ" ಅಂದರು. ಯಾವಾಗ ಅಂದರೆ ಕಾಫಿ ತರಿಸಿದರು.

ಹೊರಡೋವಾಗ ಅಪ್ಪ ಶೆಡ್ಡಿನ ಹಿಂದೆ ಹೋಗಿ ಒಂದು ಗೋಣಿತಾಟು ಎತ್ತಿದರು. ಕೆಳಗೆ ಹಳೇ ಪೆಟ್ರೋಲ್ ಎಂಜಿನ್ನು, ಗೇರ್‌ಬಾಕ್ಸು, ಡೈನಮೋ ಎಲ್ಲಾ ಇತ್ತು. ಬೆರಳಲ್ಲಿ ಗ್ರೀಸು ಒರೆಸಿ ಓದಿದರು, ಆರ್‌ಸಿಯಲ್ಲಿರೋದೇ ನಂಬರು.

ಸರಸ್ವತಿಪುರಂನಿಂದ

ಅದು ಗುಜರಿಗೆ ಹೋಗೋ ಮುಂಚೆ ಮಾತು ಮುಗಿಸಿ. ಡೀಸೆಲ್ ಎಂಜಿನ್ ಅವರೇ ಇಟ್ಟುಕೊಳ್ಳಲಿ. ಗಾಡಿ, ಗೋಣಿತಾಟಿನ ಕೆಳಗಿರೋದು ಎಲ್ಲಾ ಸೇರಿ ಏಳು ಲಕ್ಷಕ್ಕೆ ಕೇಳಿ. ಹೆಸರು ಬದಲಾವಣೆಯ 29, 30ನೇ ಫಾರಂಗೆ ಸಹಿ ಬೀಳೋವರೆಗೂ ಅಡ್ವಾನ್ಸ್ ಕೊಡಬೇಡಿ.

ಕೇಳಿದವರು

ಅಪ್ಪ ಆಗಲೇ ಐದು ಸಾವಿರ ಕೊಟ್ಟುಬಿಟ್ಟಿದ್ದಾರೆ.