ಸಹಾಯ ಬೇಕು: ಸಿಕ್ ಲೀವ್‌ಗೆ ಪೂರ್ತಿ ಮೆಡಿಕಲ್ ದಾಖಲೆ ಕೊಡಲೇಬೇಕಾ?

ಎಲ್ಲರಿಗೂ ನಮಸ್ಕಾರ. ಆಪರೇಷನ್ ಆಗಿ 18 ದಿನ ರಜೆಯಲ್ಲಿದ್ದೆ. ಡಾಕ್ಟರ್ ಕೊಟ್ಟ ಮೆಡಿಕಲ್ ಸರ್ಟಿಫಿಕೇಟ್, ಫಿಟ್‌ನೆಸ್ ಸರ್ಟಿಫಿಕೇಟ್ ಎರಡನ್ನೂ ಆಫೀಸಿಗೆ ಕೊಟ್ಟಿದ್ದೇನೆ. ಆದರೂ ಎಚ್‌ಆರ್‌ನವರು ಡಿಸ್ಚಾರ್ಜ್ ಸಮ್ಮರಿ ಬೇಕೇ ಬೇಕು ಅನ್ನುತ್ತಿದ್ದಾರೆ.

ಅದರಲ್ಲಿ ಆಪರೇಷನ್ ವಿಷಯ ಮಾತ್ರ ಇರುವುದಿಲ್ಲ ಅಲ್ವಾ? ಹಳೆಯ ಕಾಯಿಲೆ, ಮಾತ್ರೆಗಳು, ಮನೆಯವರ ಆರೋಗ್ಯದ ವಿವರ ಎಲ್ಲ ಇದೆ. ಹಿಂದೊಮ್ಮೆ ಖಿನ್ನತೆಗೆ ಚಿಕಿತ್ಸೆ ಪಡೆದದ್ದೂ ಇದೆ. ಅದನ್ನು ನಾನು ಆಪ್ತರಿಗೂ ಹೇಳಿಲ್ಲ. ನಮ್ಮಲ್ಲಿ ರಜೆಯ ಮೇಲ್‌ಗಳು ಟೀಮ್ ಲೀಡ್‌ಗೂ ಹೋಗುತ್ತವೆ. ಅದೇ ಜಾಸ್ತಿ ಭಯ.

ಬೇಡದ ಭಾಗ ಮರೆಮಾಡಿ ಕೊಡುತ್ತೇನೆ ಎಂದೆ, ಒಪ್ಪಲಿಲ್ಲ. ಕಂಪನಿಯ ಡಾಕ್ಟರೇ ಬೇಕಾದರೆ ತಪಾಸಣೆ ಮಾಡಲಿ ಎಂದು ಮೇಲ್ ಹಾಕಿದೆ, ಉತ್ತರವಿಲ್ಲ. ಈಗ ಒಂದು ಒಪ್ಪಿಗೆ ಪತ್ರ ಕಳಿಸಿದ್ದಾರೆ. ಸಹಿ ಹಾಕಿದರೆ ಅವರು ನೇರವಾಗಿ ನನ್ನ ಡಾಕ್ಟರ್ ಹತ್ತಿರ ದಾಖಲೆ ಕೇಳಬಹುದು. ಯಾವ ದಾಖಲೆ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಒಂದೂ ಬರೆದಿಲ್ಲ. ಸಹಿ ಹಾಕದಿದ್ದರೆ ಸಂಬಳ ಕಟ್ ಅಂತೆ.

ಸೋಮವಾರದೊಳಗೆ ಉತ್ತರ ಕೊಡಬೇಕು. ಇಂಥ ಪತ್ರವನ್ನು ತಿದ್ದಿ, ಈ ರಜೆಗೆ ಸಂಬಂಧಿಸಿದ ವಿವರಕ್ಕೆ ಮಾತ್ರ ಒಪ್ಪಿಗೆ ಎಂದು ಬರೆದುಕೊಟ್ಟವರು ಯಾರಾದರೂ ಇದ್ದೀರಾ? ಅದನ್ನು ಹೇಗೆ ಬರೆದಿರಿ, ಆಫೀಸಿನವರು ಒಪ್ಪಿದರಾ?