110 ಯೆನ್ನಿನ ಯೂರೋಬೀಟ್

ಟೋಕಿಯೊದ ನಿಶಿ ಕಸಾಯ್‌ನಲ್ಲಿ ಇಂಡಿಯಾದವರು ಜಾಸ್ತಿ. ಭಾನುವಾರ ಮಧ್ಯಾಹ್ನ ಸೀನನ ಆರು ಚಾಪೆ ಅಗಲದ ರೂಮಿನಲ್ಲಿ ಚಿತ್ರಾನ್ನ ಮುಗಿಸಿ ಗೋಡೆಗೆ ಒರಗಿ ಕೂತಿದ್ದೆವು. ಸೀನ ಬ್ಯಾಗಿನಿಂದ ಒಂದು ಸಿಡಿ ತೆಗೆದ. ಹಳೇ ಸಾಮಾನಿನ ಅಂಗಡಿಯಲ್ಲಿ 110 ಯೆನ್‌ಗೆ ಸಿಕ್ಕಿತಂತೆ. ಹೆಸರು ‘ಸೂಪರ್ ಯೂರೋಬೀಟ್’.

“ಯೂರೋಪಿನ ಹಾಡು ಕೇಳೋಕೆ ಜಪಾನಿಗೆ ಬರಬೇಕಿತ್ತೇನೋ?” ಎಂದ ಮಂಜ.

“ಇಲ್ಲಿಗೇ ಬರಬೇಕು ಮಗಾ. ಯೂರೋಪಿನವರು ಇದನ್ನ ಕೇಳೋದೇ ಬಿಟ್ಟಿದ್ದರು.”

“ಅದು ಹೇಗಯ್ಯಾ?” ಭಟ್ಟರು ಕಣ್ಣು ಬಿಟ್ಟರು. ನಮ್ಮಲ್ಲಿ ಹಿರಿಯರು ಅವರೇ. ನಿದ್ದೆಯಲ್ಲೂ ಕಿವಿ ಕೆಲಸ ಮಾಡುತ್ತಿರುತ್ತದೆ.

ಸೀನ ಶುರು ಮಾಡಿದ. 80ರ ದಶಕದಲ್ಲಿ ಇಟಲಿಯವರ ಡಿಸ್ಕೊ ಹಾಡುಗಳಿಗೆ ಯೂರೋಪಿನಲ್ಲಿ ಒಳ್ಳೇ ಗಿರಾಕಿ ಇತ್ತು. 90 ಬರುವಷ್ಟರಲ್ಲಿ ಅಲ್ಲಿನ ಜನ ಹೌಸ್, ಟೆಕ್ನೊ ಅಂತ ಬೇರೆ ಥರದ ಡಾನ್ಸ್ ಸಂಗೀತದ ಕಡೆ ಹೊರಟುಹೋದರು. ಆದರೆ ಜಪಾನಿನ ಡಿಸ್ಕೊಗಳು ಮಾತ್ರ ಇದೇ ಬೇಕು, ಇನ್ನೂ ಜೋರಾಗಿ ಬೇಕು ಎಂದವು. ಇಟಲಿಯ ಮಾಂಟೊವಾ, ಬ್ರೆಷಾ ಊರುಗಳ ಸ್ಟುಡಿಯೋದವರು ಯಾಕೆ ಬಿಡುತ್ತಾರೆ? ಜಪಾನಿಗೆ ಕಳಿಸೋದಕ್ಕೇ ಅಂತ ಹಾಡು ಮಾಡತೊಡಗಿದರು. ಅದೇ ಯೂರೋಬೀಟ್. ಇಲ್ಲಿ ಏವೆಕ್ಸ್ ಕಂಪನಿ ‘ಸೂಪರ್ ಯೂರೋಬೀಟ್’ ಅಂತ ಒಂದರ ಹಿಂದೊಂದು ಸಿಡಿ ತಂದಿತು. 1990ರಲ್ಲಿ ಶುರುವಾದ ಸರಣಿ, 2018ಕ್ಕೆ 250ನೇ ಸಿಡಿ!

“250 ಏನು ಮಹಾ. ನಮ್ಮಮ್ಮ ನೋಡೋ ಸೀರಿಯಲ್ಲಿನಲ್ಲಿ ಅಷ್ಟು ಹೊತ್ತಿಗೆ ನಿಶ್ಚಿತಾರ್ಥವೂ ಆಗಿರಲ್ಲ” ಎಂದ ಮಂಜ.

“ನನಗೆ ಅರ್ಥ ಆಯ್ತು” ಎಂದರು ಭಟ್ಟರು. “ಗೋಬಿ ಮಂಚೂರಿ ಇದ್ದ ಹಾಗೆ. ಮಂಚೂರಿಯಾಗೆ ಹೋಗಿ ಕೇಳಿದರೆ ಸಿಗುತ್ಯೇ?”

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ನಾನು ಸುಮ್ಮನೆ ಪೆಟ್ಟಿಗೆಯೊಳಗಿನ ಪುಸ್ತಕ ಬಿಚ್ಚಿದೆ. ಇರುವೆ ಸಾಲಿನಂಥ ಅಕ್ಷರ. ಹಾಡಿದವರ ಹೆಸರೆಲ್ಲ ಇಂಗ್ಲೆಂಡ್, ಅಮೆರಿಕದವರ ಥರ. ಪಕ್ಕದ ಕಂಸದಲ್ಲಿ ಹಾಡು ಮಾಡಿದವರ ಹೆಸರು ನೋಡಿದರೆ, ಮತ್ತೆ ಮತ್ತೆ ಅದೇ ನಾಲ್ಕೈದು ಇಟಲಿಯವರು.

“ಈ ಡೇವ್ ರಾಜರ್ಸ್ ಯಾರೋ?”

“ಜಾನ್‌ಕಾರ್ಲೊ ಪಾಸ್ಕ್ವೀನಿ. ಮಾಂಟೊವಾದವನು. ಇವರಲ್ಲಿ ಒಬ್ಬೊಬ್ಬರಿಗೆ ಎಷ್ಟೋ ಹೆಸರು. ಗಂಟಲು ಒಂದೇ.”

“ನಮ್ಮೂರ ನಾಟಕದಲ್ಲೂ ಹೀಗೇ” ಎಂದ ಮಂಜ. “ನಮ್ಮ ಚಿಕ್ಕಪ್ಪನೇ ದ್ವಾರಪಾಲಕ, ಅವನೇ ದೂತ, ಕೊನೆಗೆ ಯುದ್ಧದಲ್ಲಿ ಸಾಯೋನೂ ಅವನೇ.”

ಅಂದರೆ ಹಾಡು ಬರೆದದ್ದು ಇಟಲಿಯವರು, ಭಾಷೆ ಇಂಗ್ಲಿಷು, ದುಡ್ಡು ಕೊಟ್ಟವರು ಜಪಾನಿನವರು. ಸಾಹಿತ್ಯ ಮೂವರಿಗೂ ಪೂರ್ತಿ ಅರ್ಥವಾಗಿರಲಿಕ್ಕಿಲ್ಲ. ಅರ್ಥ ಮಾಡಿಕೊಳ್ಳಲು ಪುರುಸೊತ್ತಾದರೂ ಎಲ್ಲಿ? ನಿಮಿಷಕ್ಕೆ ನೂರೈವತ್ತು, ನೂರರವತ್ತು ಏಟು ಬೀಳುತ್ತದೆ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಿ ತಡೆಯೇ ಇಲ್ಲದೆ ಓಡಿಸಿರುತ್ತಾರೆ. ನಡುವೆ ನೀರು ಕುಡಿಯಲೂ ಆಗುವುದಿಲ್ಲ.

“ಇಷ್ಟು ಜೋರಿಗೆ ಕುಣಿಯೋದು ಹೇಗಪ್ಪಾ?” ಎಂದರು ಭಟ್ಟರು. ಮಂಡಿಯನ್ನೂ ಮುಟ್ಟಿಕೊಂಡರು.

“ಕಾಲಿಗೆ ಕೆಲಸ ಇಲ್ಲ ಭಟ್ರೇ. ಪಾರಾಪಾರಾ ಅಂತ. ಕಾಲು ಆ ಕಡೆ ಒಂದು ಹೆಜ್ಜೆ, ಈ ಕಡೆ ಒಂದು ಹೆಜ್ಜೆ. ಬಾಕಿ ಎಲ್ಲ ಕೈಯಲ್ಲೇ. ಹಾಡಿಗೊಂದು ವರಸೆ, ಎಲ್ಲರೂ ಒಂದೇ ಥರ ಮಾಡಬೇಕು.” ಸೀನ ಎದ್ದು ತೋರಿಸಿದ. ಸೊಳ್ಳೆ ಹೊಡೆಯುತ್ತಾ ಬಸ್ಸಿಗೆ ಕೈ ಅಡ್ಡ ಹಾಕಿದಂತಿತ್ತು.

ಸರಿ, ಕೇಳೋಣ ಎಂದರೆ ಸಿಡಿ ಹಾಕುವುದೆಲ್ಲಿ? ನಾಲ್ಕು ಲ್ಯಾಪ್‌ಟಾಪು, ಒಂದರಲ್ಲೂ ಸಿಡಿಗೆ ಜಾಗವಿಲ್ಲ. ಫೋನಿನಲ್ಲಿ ಹುಡುಕು ಎಂದೆ. 110 ಯೆನ್ ದಂಡವಾಗುತ್ತದೆ ಎಂದು ಸೀನ ಒಪ್ಪಲಿಲ್ಲ. ಆಗ ಮಂಜನಿಗೆ ನೆನಪಾಯಿತು. ಕೆಳಗೆ ಪಾರ್ಕಿಂಗ್‌ನಲ್ಲಿ 15 ನಿಮಿಷದ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹಳೇ ಕಾರಿದೆ. ಅದರಲ್ಲಿ ಸಿಡಿ ಪ್ಲೇಯರ್ ಇದೆ!

“ಕಾರೇ ಸರಿಯಾದ ಜಾಗ” ಎಂದ ಸೀನ. ‘ಇನಿಶಿಯಲ್ ಡಿ’ ಕಾರ್ಟೂನು 1998ರಲ್ಲಿ ಟಿವಿಗೆ ಬಂದಾಗ ರೇಸಿನ ಜಾಗದಲ್ಲೆಲ್ಲ ಯೂರೋಬೀಟೇ. ತೋಫು ಅಂಗಡಿ ಹುಡುಗ ಹಳೇ ಟೊಯೊಟಾದಲ್ಲಿ ಘಾಟಿ ತಿರುವು ಇಳಿಯುತ್ತಾನೆ. ಕಾರಿನಲ್ಲಿಟ್ಟ ಲೋಟದ ನೀರು ಚೆಲ್ಲಬಾರದು.

ನಮ್ಮದು ಘಾಟಿಯೂ ಅಲ್ಲ, ಪಾರ್ಕಿಂಗ್ ಬಿಟ್ಟು ಒಂದಿಂಚೂ ಕದಲಲಿಲ್ಲ. ನಾಲ್ವರೂ ಬೆಲ್ಟ್ ಹಾಕಿ ಕೂತೆವು. ಯಾಕೆ ಹಾಕಿದೆವೋ ಗೊತ್ತಿಲ್ಲ. ಹಾಡು ಶುರುವಾಯಿತು. ಜಾತ್ರೆಯ ತಮಟೆಯವನಿಗೆ ಕೀಬೋರ್ಡ್ ಕೊಟ್ಟು, ಹಿಂದೆ ಹೋರಿ ಬಿಟ್ಟಂತೆ. ಮೂರನೇ ಹಾಡಿಗೆ ಭಟ್ಟರ ಕೈ ಮೇಲೆದ್ದಿತು. ನಾಲ್ಕನೆಯದಕ್ಕೆ ಅವರ ಮೊಣಕೈ ನನ್ನ ಕನ್ನಡಕಕ್ಕೆ ಬಡಿಯಿತು. ಪಕ್ಕದ ಕಾರಿಗೆ ಬಂದ ಅಜ್ಜಿಯೊಬ್ಬರು ನಮ್ಮನ್ನು ನೋಡಿ, ಬಗ್ಗಿ ನಮಸ್ಕಾರ ಮಾಡಿ, ಬೇಗ ಬೇಗ ಹೋದರು.

ಹೊತ್ತು ಮುಗಿಯುತ್ತಾ ಬಂತು. ಮತ್ತೆ 15 ನಿಮಿಷಕ್ಕೆ ದುಡ್ಡು ಯಾರು ಕೊಡುವುದು ಎಂದು ಜಗಳವಾಡಿಕೊಂಡೇ ಇಳಿದೆವು, ಬೀಗ ಹಾಕಿದೆವು. ಮೇಲೆ ಹೋಗಿ ಕಾಫಿಗೆ ನೀರಿಟ್ಟ ಮೇಲೆ ಭಟ್ಟರು ಮೆಲ್ಲಗೆ ಕೇಳಿದರು.

“ಸೀನಾ, ಸಿಡಿ ತೆಗೆದೆ ತಾನೇ?”

ಓಡಿ ಕಿಟಕಿಯಿಂದ ಇಣುಕಿದೆವು. ಕಾರು ಆಗಲೇ ಬೇರೆಯವರ ಪಾಲಾಗಿತ್ತು. ಹಿಂದಿನ ಸೀಟಿನಲ್ಲಿ ಕೂಸು, ಮುಂದೆ ಗಂಡ ಹೆಂಡತಿ. ಗಂಡ ಕೀ ತಿರುಗಿಸಿದ.

ಎರಡನೇ ಮಹಡಿಗೂ ಚೆನ್ನಾಗೇ ಕೇಳಿಸಿತು.